ಕುದುರೆ ಕೊಳ್ಳುವ ಮುನ್ನ

ಮಾಪ್ಸಾದ ಕಾಯ್ತಾನ್ ತನ್ನ ಅಂಗಡಿಯ ಗಾಜಿನ ಮೇಲೆ
ನೀಲಿ ಮಖಮಲ್ಲು ಹಾಸಿ ಮೂರು ಬ್ರಿಜ್ಜು ಇಟ್ಟಿದ್ದಾನೆ,
ಮದುವೆಯ ಉಂಗುರ ತೋರಿಸುವವನ ಹಾಗೆ.
ಉಗುರಿನ ಗ್ರೀಸು ಕಾಣದಿರಲೆಂದು
ಕೈ ಜೇಬಿನಲ್ಲೇ ಇಟ್ಟು ಬಗ್ಗಿ ನೋಡುತ್ತೇನೆ.

ನಮ್ಮ ಕಡೆ ಇದಕ್ಕೆ ಕುದುರೆ ಅಂತಾರೆ, ಎಂದೆ.
ಹಾಗಾದರೆ ಹಲ್ಲು ನೋಡಿ ಕೊಳ್ಳು ಪಾತ್ರಾಂವ್, ಎಂದು ನಕ್ಕ.
ಹಲ್ಲಲ್ಲ, ಸುಳಿ ನೋಡಬೇಕು.
ಮತ್ತೆ ಜೀನು. ಈ ಕುದುರೆಗೆ ಆರು ಜೀನು,
ತಂತಿಗೊಂದು; ಸವಾರರು ಆರು ಮಂದಿ,
ಒಬ್ಬರ ತೂಕ ಇನ್ನೊಬ್ಬರದಲ್ಲ.

ನನ್ನ ಹಳೆಯದಕ್ಕೆ ತುಕ್ಕು.
ರಾಯಬಂದರದ ಫೆರಿಯ ಎಂಜಿನ್ ಕೋಣೆಯಲ್ಲಿ
ನನ್ನ ಪಾಳಿ ಮುಗಿಯುವ ತನಕ ಕಾದು ಕೂತು
ಅಲ್ಲಿಂದ ನೇರ ಮದುವೆ ಹಾಲಿಗೆ ಹೊರಡುತ್ತಿದ್ದ ಗಿಟಾರು.
ಹನ್ನೊಂದು ವರ್ಷದ ಉಪ್ಪು ಗಾಳಿ, ಡೀಸೆಲ್ ಹಬೆ, ಅಂಗೈ ಬೆವರು.
ಎತ್ತರ ತಿದ್ದುವ ಸಣ್ಣ ತಿರುಪುಗಳು
ಈಗ ಯಾವ ಕೀಲಿಗೂ ಬಗ್ಗುವುದಿಲ್ಲ.
ನಾಲ್ಕನೇ ತಂತಿ ಝುಂಯ್ ಅನ್ನುತ್ತದೆ,
ಬೆಂಕಿಪೊಟ್ಟಣದಲ್ಲಿ ಕೂಡಿಟ್ಟ ದುಂಬಿಯಂತೆ.

ಮೊದಲನೆಯದು ತೇಲುವ ಜಾತಿ.
ಹೊಟ್ಟೆಯೊಳಗೆ ಸ್ಪ್ರಿಂಗು, ಹೊರಗೆ ತಂತಿ,
ಎರಡರ ಜಗ್ಗಾಟದ ನಡುವೆ ನಿಂತಿರುತ್ತದೆ.
ಹಿಡಿ ಒತ್ತಿದರೆ ಸ್ವರ ಬಳುಕಿ ಅಳುತ್ತದೆ.
ಎಫ್ರೆಮನ ಬಳಿ ಇದ್ದದ್ದು ಇಂಥದ್ದೇ.
ಆದರೆ ಒಂದು ತಂತಿ ಹರಿಯಿತೋ
ಉಳಿದ ಐದೂ ಆ ಕ್ಷಣವೇ ಶ್ರುತಿ ಬಿಡುತ್ತವೆ.
ಅವನು ಪ್ರವಾಸಿ ಹಡಗಿನ ಬ್ಯಾಂಡಿಗೆ ಹೋದ ವಾರ
ನಮಗಾದದ್ದೂ ಅದೇ:
ಡ್ರಮ್ಮಿನ ಹುಡುಗ ತಾಳ ಬಿಟ್ಟ, ನಾನು ಪಲ್ಲವಿ ಬಿಟ್ಟೆ,
ಕೇಕು ಕತ್ತರಿಸುತ್ತಿದ್ದ ಮದುಮಗಳು ತಿರುಗಿ ನೋಡಿದಳು.
ಇದನ್ನು ಕೂರಿಸಲು ಮರದ ಹೊಟ್ಟೆ ಬೇರೆ ಕೊರೆಯಬೇಕಂತೆ.

ಎರಡನೆಯದು ಹಿತ್ತಾಳೆ. ಐದು ತಿರುಪು ಬಿಗಿದರೆ ಮುಗಿಯಿತು.
ಅಲುಗುವುದಿಲ್ಲ, ಅಳುವುದೂ ಇಲ್ಲ.
ಯಾರು ಹರಿದುಹೋದರೂ ಉಳಿದವರು ತಮ್ಮ ತಮ್ಮ ಮನೆಯಲ್ಲೇ ಇರುತ್ತಾರೆ.
ಹಳೆಯ ತೂತಿಗೂ ಹೊಸ ತೂತಿಗೂ
ಮೂರೂವರೆ ಮಿಲಿಮೀಟರ್ ದೂರ,
ಬೀಡಿ ಕಟ್ಟಿನ ಕಾಗದದ ಮೇಲೆ ಬರೆದು ತಂದಿದ್ದೇನೆ.

ಮೂರನೆಯದರ ಬಗ್ಗೆ ಕಾಯ್ತಾನ್ ಬಾಯಿ ಬಿಡಲಿಲ್ಲ.
ಅದರ ಬೆಲೆಯೇ ಎಲ್ಲ ಹೇಳುತ್ತಿತ್ತು.

ಚೋಡಣದ ಜನ ದಿನಾ ನನ್ನ ಫೆರಿಯಲ್ಲೇ ನಿಂತು
ಹೊಳೆಗೆ ಸೇತುವೆ ಬೇಕೋ ಬೇಡವೋ ಎಂದು ಜಗಳ ಕಾಯುತ್ತಾರೆ.
ಬಂದರೆ ನನ್ನ ಕೆಲಸ ಹೋಗುತ್ತದೆ.
ಕೆಳಗೆ ಎಂಜಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸುತ್ತದೆ,
ನನ್ನನ್ನು ಯಾರೂ ಕೇಳಿಲ್ಲ.
ಯಾವ ಬ್ರಿಜ್ಜು ಬೇಕು ನಿನಗೆ,
ಎಂದು ನನ್ನನ್ನು ಕೇಳಿದವನು ಕಾಯ್ತಾನ್ ಒಬ್ಬನೇ.

ಹಿತ್ತಾಳೆ, ಎಂದೆ.

ಹಳೆಯ ತೂತುಗಳಿಗೆ ತೇಗದ ಕಡ್ಡಿ ಬಡಿದು, ಅಂಟು ಒಣಗಿಸಿ,
ಮೂರನೇ ದಿನ ಹೊಸ ತೂತು ಕೊರೆದ.
ಆರನೆಯದು ಸ್ವಚ್ಛ. ಐದನೆಯದು ಸ್ವಚ್ಛ.
ನಾಲ್ಕನೆಯದೂ ಸ್ವಚ್ಛ, ಆಸ್ಪತ್ರೆಯ ನೆಲದ ಹಾಗೆ.

ಹುಬ್ಬಳ್ಳಿಯ ಸೋದರತ್ತೆ ಅಂಬಕ್ಕ ನೆನಪಾದಳು.
ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದೆಳೆ ನೂಲು ತೂರಿಸಿ
ಕೂದಲಷ್ಟು ಹಿಂದೆ, ಕೂದಲಷ್ಟು ಮುಂದೆ,
ಚಹಾ ಆರಿ ಕೆನೆಗಟ್ಟುವ ತನಕ ಸರಿಸುತ್ತಿದ್ದಳು.
ಜೀವಾಳಿ ಸಿಗಲಿಲ್ಲಂದ್ರ ಇದು ಬರೇ ಕಟಿಗಿ,
ಗುಂಯ್ ಅನ್ನಲಿ ತಡಿ, ಆಮ್ಯಾಲ ಹಾಡೂಣಂತ.
ನಾನು ದುಡ್ಡು ಕೊಟ್ಟು ಕಿತ್ತೆಸೆಸಿದ್ದು
ಅವಳು ಅರ್ಧ ಬೆಳಗು ಹುಡುಕುತ್ತಿದ್ದುದನ್ನೇ?

ಅಂಗಿಯ ಅಂಚಿನಿಂದ ಒಂದು ದಾರ ಎಳೆದೆ,
ನಾಲ್ಕನೇ ತಂತಿಯಡಿ ತೂರಿಸಿದೆ.
ಹೊಸ ಕಾರಿಗೆ ಗೀರು ಹಾಕುವವನನ್ನು ನೋಡುವಂತೆ
ಕಾಯ್ತಾನ್ ನೋಡಿದ.
ಗುಂಯ್ ಅನ್ನಲಿಲ್ಲ. ಶೀತ ಹಿಡಿದ ಮೂಗಿನಂತೆ ಮಂಕಾಯಿತು, ಅಷ್ಟೆ.
ಅದಕ್ಕೆ ಅಗಲ ಬೆನ್ನಿನ ಕುದುರೆ ಬೇಕು.
ದಾರ ಹೊರಗೆಳೆದೆ. ಬಾಕಿ ಕೊಟ್ಟೆ. ಹಳೆಯದನ್ನು ಕೇಳಿ ಪಡೆದೆ.

ರಾತ್ರಿ ಕೊನೆಯ ದಾಟುವಿಕೆ:
ಎರಡು ಸ್ಕೂಟರು, ಮೀನಿನ ಬುಟ್ಟಿ, ನಿದ್ದೆ ಹೋದ ಒಬ್ಬ ಮೇಷ್ಟ್ರು.
ತುಕ್ಕು ಹಿಡಿದ ಕುದುರೆಯನ್ನು
ಎಂಜಿನ್ನಿನ ಬಿಸಿ ಮುಚ್ಚಳದ ಮೇಲಿಟ್ಟೆ.
ನಡುಹೊಳೆಯಲ್ಲಿ, ಸವಾರರಿಲ್ಲದ ಆರೂ ಜೀನು
ಝುಂಯ್ ಎಂದವು.